ಅತ್ತೆಯ ಕೋವಿಗೆ ಮೇಣ

ಕೋವಿಗೆ ಮೇಣ ಹಚ್ಚು ಅಂತ ವೆಂಡೆಲ್‌ಗೆ ಯಾರೂ ಹೇಳಿರಲಿಲ್ಲ. ಮಾವ ಗುನ್ನರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಶುಕ್ರವಾರ ಸಂಜೆ ಐದಕ್ಕೆ ಬರ್ತೀನಿ. ಕೋವಿ ಹಿಡ್ಕೊಂಡು ರೆಡಿಯಾಗಿರು." ಬೇರೆ ಯಾರಾದರೂ ಆಗಿದ್ದರೆ ಕಾಫಿ ಕುಡಿದುಕೊಂಡು ಐದು ಗಂಟೆಯವರೆಗೆ ಕಾಯುತ್ತಿದ್ದರು. ಆದರೆ ಹನ್ನೊಂದು ವರ್ಷ ಕಾದು ಕೈಗೆ ಬಂದ ಕೋವಿ! ಸುಮ್ಮನೆ ಕೂರುವ ಪ್ರಾಣಿಯೇ ಅಲ್ಲ ಅವನು.

ವಿಸ್ಕಾನ್ಸಿನ್ನಿನ ಆ ಕಡೆ ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಯಿತೆಂದರೆ ಊರಲ್ಲಿ ಗಂಡಸರು ಉಳಿಯುವುದಿಲ್ಲ. ಗುನ್ನರನ ಮನೆತನಕ್ಕೆ ಕಾಡಿನಲ್ಲಿ ಒಂದು ಬಿಡಾರ, ಐದು ಕೋವಿ, ಜಿಂಕೆಗೆ ಹೊಂಚು ಹಾಕಿ ಕೂರಲು ಮರದ ಮೇಲೆ ಐದು ಅಟ್ಟಣೆ. ಯಾವ ಕೋವಿಗೆ ಯಾವ ಅಟ್ಟಣೆ ಅನ್ನುವುದು ಅವನ ಅಜ್ಜನ ಕಾಲದಲ್ಲೇ ನಿಗದಿ. ಆ ಕೋವಿ ಕಾಡಿಗೆ ಬಂದರೆ ಮಾತ್ರ ಆ ಅಟ್ಟಣೆ ಹತ್ತಬಹುದು. ಅಂಗಡಿಯಿಂದ ಹೊಸದು ಕೊಂಡು ತಂದವನಿಗೆ ಜಾಗವಿಲ್ಲ. ಹೀಗಾಗಿ ಅಳಿಯನಾಗಿ ಹೋದ ವೆಂಡೆಲ್‌ನ ಪಾಲಿಗೆ ಬಂದದ್ದು ಬಾಣಲೆ. ಹನ್ನೊಂದು ವರ್ಷ ಅವನು ಎಲ್ಲರಿಗೂ ಪ್ಯಾನ್‌ಕೇಕ್ ಸುಟ್ಟು, ಅವರು ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡಿಗೆ ಹೋದ ಮೇಲೆ ಪಾತ್ರೆ ತೊಳೆದಿದ್ದ. ಅವನು ಕೆಲಸ ಮಾಡುವ ಅಂಚೆ ಕಚೇರಿಗೆ ಬಂದವರು "ಈ ಸಲ ಎಷ್ಟು ಹೊಡೆದೆ?" ಎಂದು ಕೇಳಿದರೆ ಅವನಿಗೆ ಕೂಡಲೇ ಅಂಚೆಚೀಟಿ ಹುಡುಕುವ ಕೆಲಸ ನೆನಪಾಗುತ್ತಿತ್ತು.

ಎರಡು ವರ್ಷದ ಹಿಂದೆ ಅತ್ತೆ ಇನೆಜ್ ತೀರಿಕೊಂಡಳು. ಇಡೀ ಬಿಡಾರದಲ್ಲಿ ಅವಳಷ್ಟು ಚೆನ್ನಾಗಿ ಗುರಿಯಿಟ್ಟು ಹೊಡೆಯುವವರು ಇನ್ನೊಬ್ಬರಿರಲಿಲ್ಲ. ಅವಳ ಕೋವಿಯೂ ಅಟ್ಟಣೆಯೂ ಖಾಲಿ ಬಿದ್ದಿದ್ದವು. ಈ ವರ್ಷ ಮುದುಕ ಗುನ್ನರ್ ಗಂಟಲು ಸರಿಮಾಡಿಕೊಂಡು, "ಇನೆಜ್ ಕೋವಿ ನೀನೇ ಹಿಡ್ಕೋ" ಅಂದುಬಿಟ್ಟ. ವೆಂಡೆಲ್ ಆ ರಾತ್ರಿ ಕುಣಿಯುವುದೊಂದು ಬಾಕಿ.

ಶುಕ್ರವಾರ ಬೆಳಿಗ್ಗೆ ಅವನು ಕಾರಿನ ಡಿಕ್ಕಿಯಲ್ಲಿ ತಣ್ಣಗೆ ಕೊರೆಯುತ್ತಿದ್ದ ಖಾಲಿ ಕೋವಿಯನ್ನು ಬೆಚ್ಚಗಿನ ಅಡುಗೆಮನೆಗೆ ತಂದ. ಮರದ ಹಿಡಿಯ ಮೇಲೆ ಸಣ್ಣಗೆ ಬೆವರು ಮೂಡಿತು. ಅದನ್ನು ಒರೆಸುವ ತಾಳ್ಮೆ ಯಾರಿಗಿದೆ? ಅದರ ಮೇಲೆಯೇ ಅರ್ಧ ಡಬ್ಬಿ ಮೇಣ ಮೆತ್ತಿದ. ಒಂಬತ್ತು ಗಂಟೆಯ ಹೊತ್ತಿಗೆ ಕಂದು ಬಣ್ಣದ ಹಿಡಿ ಬೆಳ್ಳಗೆ ಮಸುಕಾಗಿ, ಆರಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಕಾಣುತ್ತಿತ್ತು.

"ಅಯ್ಯೋ! ಅಮ್ಮನ ಕೋವಿಗೆ ಏನ್ ಬಳಿದೆ, ಮೊಸರಾ?" ಹೆಂಡತಿ ಡಾರ್ಲಾ ಹೌಹಾರಿದಳು.

"ಮೇಣ ಕಣೇ. ಉಜ್ಜಿದ್ರೆ ಹೋಗುತ್ತೆ."

ಉಜ್ಜಿದ. ಹೋಗಲಿಲ್ಲ.

"ಅಪ್ಪ ನೋಡಿದ್ರೆ ಕೋವಿ ವಾಪಸ್ ಕಿತ್ಕೊಂಡು ನಿನ್ನ ಕೈಗೆ ಬಾಣಲೆ ಕೊಡ್ತಾನೆ. ಸರಿ, ಸ್ವಲ್ಪ ಶಾಖ ಕೊಡೋಣ" ಎಂದು ಅವಳು ಕೂದಲು ಒಣಗಿಸುವ ಯಂತ್ರ ತಂದಳು. ಮೇಣ ಕರಗಿತು, ನಿಜ. ಕರಗಿದ್ದು ಹಿಡಿಯ ಮೇಲೆ ಕೆತ್ತಿದ್ದ ಸಣ್ಣ ಗೆರೆಗಳೊಳಗೆ ಇಳಿದು, ತಣ್ಣಗಾಗಿ, ಮೊದಲಿಗಿಂತ ಬೆಳ್ಳಗಾಯಿತು.

ಬಿಸಿ ಮೇಣದ ವಾಸನೆ ಹಿಡಿದು ಪಕ್ಕದ ಮನೆಯ ಲವರ್ನ್ ತನ್ನ ದಪ್ಪ ನಾಯಿಯ ಸಮೇತ ಒಳಗೆ ಬಂದಳು. ಬಾಗಿಲು ತಟ್ಟುವ ಅಭ್ಯಾಸ ಆಕೆಗೆ ಇರಲಿಲ್ಲ.

"ಇಷ್ಟಕ್ಕೆ ಮುಖ ಸಪ್ಪೆ ಮಾಡ್ಕೊಂಡಿದೀರಾ? ನನ್ನ ಊಟದ ಮೇಜಿನ ಮೇಲೆ ಬಿಸಿ ಲೋಟ ಇಟ್ಟು ಬಿಳೀ ಕಲೆ ಆಗಿತ್ತು. ಸ್ಯಾಂಡ್‌ವಿಚ್‌ಗೆ ಹಚ್ಚೋ ಮಯೋನೀಸ್ ಬಳಿದು ಎರಡು ಗಂಟೆ ಬಿಟ್ಟೆ. ಕಲೆ ಮಂಗಮಾಯ!"

"ಕೋವಿಗೆ ಮಯೋನೀಸಾ?"

"ಮರ ಅಂದ್ಮೇಲೆ ಮರ ಕಣಪ್ಪ. ಅದಕ್ಕೇನ್ ಗೊತ್ತಾಗುತ್ತೆ, ತಾನು ಮೇಜೋ ಕೋವಿಯೋ ಅಂತ?"

ಕಂಗಾಲಾದವನಿಗೆ ಯಾರು ಹೇಳಿದ್ದೂ ಸರಿಯೆನಿಸುತ್ತದೆ. ಮಯೋನೀಸ್ ಬಳಿದರು. ಮೂವರೂ ಕಾಫಿ ಕುಡಿಯುತ್ತ ಕುಳಿತರು. ಎರಡನೇ ಲೋಟದ ಹೊತ್ತಿಗೆ ಮೇಜಿನ ಕಡೆಯಿಂದ ಲೊಚಲೊಚ ಸದ್ದು. ಲವರ್ನಳ ನಾಯಿ ಕುರ್ಚಿಯ ಮೇಲೆ ಮುಂಗಾಲಿಟ್ಟು ಅತ್ತೆಯ ಕೋವಿಯನ್ನು ಭಕ್ತಿಯಿಂದ ನೆಕ್ಕುತ್ತಿತ್ತು. ವೆಂಡೆಲ್ ಅದನ್ನು ಮೇಜಿನ ಸುತ್ತ ಮೂರು ಸುತ್ತು ಅಟ್ಟಾಡಿಸಿ, ನಾಲ್ಕನೇ ಸುತ್ತಿಗೆ ಜಾರಿ ಬಿದ್ದ.

"ನಾಯಿನ ಯಾಕ್ ಬೈತೀಯ? ಅದು ನೆಕ್ಕಿದ ಕಡೆ ಹೊಳೀತಿದೆ ನೋಡು!" ಲವರ್ನ್ ಮುನಿಸಿಕೊಂಡಳು. ಮುನಿಸಿನಲ್ಲೇ ನಾಲ್ಕು ಮನೆಗೆ ಫೋನ್ ಮಾಡಿದಳು. ಒಂದು ಗಂಟೆಯ ಹೊತ್ತಿಗೆ ಎದುರುಮನೆಯ ಮಿಲ್ಟನ್ ಮೇಷ್ಟ್ರು ಕೋಲೂರಿಕೊಂಡು ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿ ನಿವೃತ್ತರಾದವರು. ಕೋವಿಯನ್ನು ಮೂಸಿ ನೋಡಿದರು.

"ಬೇಟೆಗೆ ಹೊರಟಿದ್ದೀಯೋ, ಸ್ಯಾಂಡ್‌ವಿಚ್ ಮಾಡೋಕೋ? ಎಂಟನೇ ಕ್ಲಾಸಲ್ಲಿ ಹಕ್ಕಿಗೂಡು ಮಾಡು ಅಂದ್ರೆ ಬಾಗಿಲೇ ಇಲ್ದೆ ಮಾಡ್ಕೊಂಡು ಬಂದಿದ್ದೆ. ಬದಲಾಗೇ ಇಲ್ವಲ್ಲೋ!"

"ಸಾರ್, ಬೈಯೋದು ಆಮೇಲೆ ಬೈರಿ. ಐದಕ್ಕೆ ಮಾವ ಬರ್ತಾರೆ."

"ಒದ್ದೆ ಮೇಲೆ ಮೇಣ ಹಚ್ಚಿದ್ದೀಯ. ನೀರು ಒಳಗೇ ಸಿಕ್ಕಿಹಾಕ್ಕೊಂಡು ಮಬ್ಬು ಕಟ್ಟಿದೆ. ಅದರ ಮೇಲೆ ಇನ್ನೊಂದು ಬಳಿದ್ರೆ ಹೋಗುತ್ತಾ? ಇರೋದನ್ನೆಲ್ಲ ಮೊದಲು ತೆಗಿ!"

ಕಿಟಕಿಗಳನ್ನೆಲ್ಲ ತೆರೆಸಿ, ಬಟ್ಟೆಗೆ ಟರ್ಪೆಂಟೈನ್ ಹಾಕಿಸಿ ಒರೆಸಿದರು. ಮೇಣ ಬಂತು, ಮಯೋನೀಸ್ ಬಂತು, ನಾಯಿಯ ಕೂದಲು ಬಂತು, ಕೊನೆಗೆ ನಲವತ್ತು ವರ್ಷದ ಕಪ್ಪು ಜಿಡ್ಡೂ ಬಂತು. ಗೆರೆಗಳೊಳಗಿನದನ್ನು ವೆಂಡೆಲ್ ತನ್ನ ಹಲ್ಲುಜ್ಜುವ ಬ್ರಷ್ಷಿನಲ್ಲೇ ತಿಕ್ಕಿ ತೆಗೆದ. ಮರ ಪೂರ್ತಿ ಒಣಗುವವರೆಗೆ ಮೇಷ್ಟ್ರು ಅವನನ್ನು ಹತ್ತಿರ ಬಿಡಲಿಲ್ಲ. ಆಮೇಲೆ ಬಟಾಣಿ ಕಾಳಿನಷ್ಟು ಮೇಣ ಬೆರಳಿಗೆ ಅಂಟಿಸಿ, "ಇಷ್ಟೇ! ತೆಳ್ಳಗೆ ಸವರು, ಹತ್ತು ನಿಮಿಷ ಬಿಡು, ಆಮೇಲೆ ಕೈ ಬಿದ್ದುಹೋಗೋ ತನಕ ಉಜ್ಜು" ಅಂದರು. ವೆಂಡೆಲ್ ಬೇಟೆಗೆಂದು ಕೊಂಡಿದ್ದ ಹೊಸ ಉಣ್ಣೆಯ ಕಾಲುಚೀಲದಲ್ಲಿ ಉಜ್ಜಿದ. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಡಾರ್ಲಾ.

ಐದಕ್ಕೆ ಐದು ನಿಮಿಷ ಇರುವಾಗ ಹಿಡಿ ಜೇನಿನ ಬಣ್ಣಕ್ಕೆ ತಿರುಗಿ, ಒಳಗಿನ ಎಳೆ ಎಳೆಯೂ ಎದ್ದು ಕಂಡಿತು.

ಗುನ್ನರ್ ಬಂದ. ಆರಡಿ ಆಳು, ದಿನಕ್ಕೆ ಹತ್ತು ಮಾತು. ಕೋವಿ ಎತ್ತಿಕೊಂಡು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನ ಯಾರು ಮಾಡಿದ್ದು?"

"ನಾನೇ, ಮಾವ."

ಮುದುಕನ ಕಣ್ಣು ತುಂಬಿತು. "ನಮ್ಮ ಮದುವೆಯಾದ ವರ್ಷ ನನ್ನಪ್ಪ ಇದನ್ನ ಅವಳ ಕೈಗಿಟ್ಟಾಗ ಹೀಗೇ ಇತ್ತು. ಈ ಮರ ಇಷ್ಟು ಚೆಂದ ಅನ್ನೋದನ್ನೇ ಮರೆತಿದ್ದೆ ಕಣಯ್ಯ." ಹಾಗೆಂದವನೇ ಅಳಿಯನನ್ನು ಬಾಚಿ ತಬ್ಬಿಕೊಂಡ. ಮದುವೆಯ ದಿನವೂ ಬರೀ ಕೈಕುಲುಕಿದ್ದ ಮನುಷ್ಯ! ವೆಂಡೆಲ್‌ಗೂ ಅಳು ತಡೆಯಲಾಗಲಿಲ್ಲ. ಡಾರ್ಲಾ ಮೂಗು ಒರೆಸಿಕೊಂಡಳು.

"ಮಳೆ, ಹಿಮ, ಕೆಸರು... ಇಂಥದನ್ನ ಕಾಡಿಗೆ ತಗೊಂಡು ಹೋಗ್ತಾರೇನಯ್ಯಾ?" ಗುನ್ನರ್ ಕೋವಿಯನ್ನು ತನ್ನ ಕೋಟಿನೊಳಗೆ ಸುತ್ತಿಕೊಂಡ. "ನಾನಿರೋ ತನಕ ಇದು ನಮ್ಮನೆ ಗೋಡೆ ಬಿಟ್ಟು ಇಳಿಯಲ್ಲ."

"ಮತ್ತೆ... ಅಟ್ಟಣೆ, ಮಾವ?"

"ಕೋವಿ ಬರದೆ ಅಟ್ಟಣೆ ಹತ್ತೋದು ಹೇಗೆ? ಅವಳದು ಅವಳ ಹೆಸರಲ್ಲೇ ಇರ್ಲಿ." ಮುದುಕ ಅಳಿಯನ ಬೆನ್ನು ತಟ್ಟಿದ. "ಬಾಣಲೆ ಗಾಡೀಲೇ ಇದೆ, ನೀನು ತರೋದು ಬೇಡ."

ವೆಂಡೆಲ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಸೂರು ನೋಡಿದರು.

ಹೊರಗೆ ಗಾಡಿಯಲ್ಲಿ ಡಾರ್ಲಾಳ ತಮ್ಮ ರೋಲಂಡ್ ತನ್ನ ಕೋವಿ ಹಿಡಿದು ಕುಳಿತಿದ್ದ. ಗುನ್ನರ್ ಹೊಳೆಯುವ ಕೋವಿಯನ್ನು ತೋರಿಸಿ ಅವನಿಗೆ ಎಲ್ಲ ಹೇಳಿಯಾಗಿತ್ತು. ವೆಂಡೆಲ್ ಹತ್ತಿ ಕುಳಿತವನು, ಜಾಗ ಮಾಡಿಕೊಳ್ಳಲೆಂದು ಆ ಕೋವಿಯತ್ತ ಕೈಚಾಚಿದ. ಕೈಯಲ್ಲಿ ಇನ್ನೂ ಆ ಉಣ್ಣೆಯ ಕಾಲುಚೀಲವಿತ್ತು.

ರೋಲಂಡ್ ಕೋವಿಯನ್ನು ಎದೆಗೆ ಅವುಚಿಕೊಂಡು ಕಿರುಚಿದ. "ದಮ್ಮಯ್ಯ ಭಾವ, ಇದನ್ನ ಮುಟ್ಟಬೇಡ! ನಾನು ನಾಳೆ ಕಾಡಿಗೆ ಹೋಗಬೇಕು!"