ಲಾವಾ ಕಮರಿಯಲ್ಲಿ ಕೆಲಸವಿಲ್ಲದ ಭಾವ

ನಗು ಬರುವಂಥ ಪ್ರಸಂಗಗಳು ನಮ್ಮ ಮನೆಗೆ ಹೊತ್ತುಗೊತ್ತು ನೋಡಿ ಬರುವುದಿಲ್ಲ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಾಗಲೇ ಒಂದರ ಹಿಂದೊಂದು ಬರುತ್ತವೆ. ಅಮೆರಿಕದ ರಿಸೆಷನ್ ವರ್ಷಗಳಲ್ಲಿ ನಾನು ವೆಸ್ಟ್‌ಮಂಟ್‌ನಿಂದ ಇಟಾಸ್ಕಾದ ಆಫೀಸಿಗೆ, ಕೆಲಸ ಯಾವತ್ತು ಹೋಗುತ್ತದೋ ಅಂತ, ದಿನಾ ಜೀವ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಿದ್ದೆ. ಡೆಟ್ರಾಯಿಟ್ ಕಡೆ ಇದ್ದ ನನ್ನ ಭಾವನಿಗೆ ಆ ಭಯವೂ ಉಳಿದಿರಲಿಲ್ಲ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರನ್ನು ಮನೆಗೆ ಕಳಿಸಿಯಾಗಿತ್ತು. ಚಳಿಗಾಲದೊಳಗೆ ಇನ್ನೊಂದು ಕೆಲಸ ಸಿಗದಿದ್ದರೆ ಮನೆ ಬ್ಯಾಂಕಿನ ಪಾಲಾಗುವುದಿತ್ತು. ಭಾವ ಹುಬ್ಬಳ್ಳಿಯವರು, ಬಲು ಸಂಭಾವಿತರು. ಸೋಫಾ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದರು.

"ಬೆಳಗ್ಗೆಯಿಂದ ಗೋಡೆ ನೋಡ್ಕೊಂಡು ಕೂತಿರ್ತಾರೆ ಕಣೋ, ನಂಗೆ ಹೆದರಿಕೆ ಆಗುತ್ತೆ" ಅಂತ ಅಕ್ಕ ಫೋನಿನಲ್ಲಿ ಅತ್ತಳು. ಹಾಗಾಗಿ ಅವರಿಗೆ ಒಂದಿಷ್ಟು ಗಾಳಿ ಬೆಳಕು ಕಾಣಿಸೋಣವೆಂದು ಎರಡೂ ಊರುಗಳಿಂದ ಡ್ರೈವ್ ಮಾಡಿಕೊಂಡು ಮಿಷಿಗನ್ನಿನ ಉತ್ತರ ತುದಿ ಸೇರಿದೆವು. ಯಾವ ಕಾಲದಲ್ಲೋ ಲಾವಾ ಹರಿದು ಕಪ್ಪಗೆ ಗಟ್ಟಿಯಾದ ಬಂಡೆಗಳ ನಡುವೆ ಅಲ್ಲೊಂದು ಕಮರಿಯಿದೆ, ಅದರೊಳಗೆ ಹೈಕಿಂಗ್ ದಾರಿ ಇದೆ.

ಬೂಟು

ದಾರಿ ಶುರುವಾಗುವಲ್ಲಿ ಭಾವ ಕಾರಿನಿಂದ ಇಳಿದರು. ಕಾಲಲ್ಲಿ ಫಳಫಳ ಹೊಳೆಯುವ ಲೆದರ್ ಬೂಟು. ಇಂಟರ್‌ವ್ಯೂಗೆ ಬೇಕಾಗುತ್ತದೆಂದು ಅಕ್ಕ ಆಸೆಯಿಂದ ಕೊಡಿಸಿದ್ದು. ಮುಂದೆ ನೋಡಿದರೆ ಕೆಸರು, ಕಲ್ಲು, ಪಾಚಿ. ಅಕ್ಕ ಹಣೆ ಚಚ್ಚಿಕೊಂಡಳು. ಹೈಸ್ಕೂಲಿನಲ್ಲಿದ್ದ ಅವಳ ಮಗಳು "ಡ್ಯಾಡ್, ಸೀರಿಯಸ್ಲೀ?" ಅಂದಳು.

ಭಾವ ಲೇಸು ಬಿಗಿದುಕೊಂಡರು. "ಆಫೀಸಿನವ್ರಂತೂ ಯಾರೂ ಕರೀವಲ್ರು. ಈ ಕಲ್ಲಾದ್ರೂ ನೋಡ್ಲಿ."

ಭರವಸೆ

ಇಳಿಜಾರಿನಲ್ಲಿ ಒಬ್ಬ ಪಾರ್ಕ್ ರೇಂಜರ್ ಸಿಕ್ಕಿದ. ಜ್ವಾಲಾಮುಖಿ ಅನ್ನುವ ಮಾತು ಬೋರ್ಡಿನಲ್ಲಿ ಓದಿದಾಗಿನಿಂದ ಅಕ್ಕನಿಗೆ ಕಾಲು ಮುಂದಕ್ಕೆ ಬರುತ್ತಿರಲಿಲ್ಲ. ಮತ್ತೆ ಉಕ್ಕುವುದಿಲ್ಲ ತಾನೇ ಅಂತ ಅವನನ್ನೇ ಕೇಳಿದಳು. ಅವನು ನಕ್ಕು, ಇದೆಲ್ಲ ನೂರು ಕೋಟಿ ವರ್ಷದ ಹಿಂದೆಯೇ ತಣ್ಣಗಾದದ್ದು, ಕಾಲ ಕೆಳಗಿನ ನೆಲ ಭದ್ರವಾಗಿದೆ, ಚಿಂತೆಗೆ ಕಾರಣವೇ ಇಲ್ಲ ಅಂತ ಭರವಸೆ ಕೊಟ್ಟ.

ಭಾವ ಗಕ್ಕನೆ ನಿಂತುಬಿಟ್ಟರು. ಏನಾಯಿತು ಅಂದೆ.

"ನಮ್ಮ ಮ್ಯಾನೇಜರೂ ಇದನ್ನ ಅಂದಿದ್ದ. ಮರುದಿನ ಎಲ್ಲಾರ ಟೇಬಲ್ ಮ್ಯಾಲೆ ಖಾಲಿ ಡಬ್ಬಿ ಇಟ್ಟಿದ್ರು, ಸಾಮಾನು ತುಂಬ್ಕೊಂಡು ಹೋಗ್ಲಿಕ್ಕೆ."

ಉಪಚಾರ

ಕಮರಿಯ ತಳದಲ್ಲಿ ಹೊಳೆಯ ಪಕ್ಕ ಊಟಕ್ಕೆ ಕೂತೆವು. ನಮ್ಮವರ ಹೈಕಿಂಗ್ ಅಂದರೆ ಪುಳಿಯೋಗರೆ, ಮೊಸರನ್ನ, ಚಟ್ನಿಪುಡಿ, ಸ್ಟೀಲ್ ಡಬ್ಬಿಗಳು. ಕಡೆಗೆ ಕುಡಿಯಲು ಫ್ಲಾಸ್ಕಿನಲ್ಲಿ ಮಜ್ಜಿಗೆ. ಆ ದಾರಿಯಲ್ಲಿ ಒಬ್ಬನೇ ಬಂದ ವಯಸ್ಸಾದ ಅಮೆರಿಕನ್‌ನನ್ನು ಅಕ್ಕ ಕರೆದು ಕೂರಿಸಿದಳು. ಅವನು ಬೇಡ ಅಂದ, ಬಡಿಸಿದಳು. ಸಾಕು ಅಂದ, ಮತ್ತೆ ಬಡಿಸಿದಳು. ಹೊಟ್ಟೆ ತುಂಬಿತು ಅಂತ ಕೈ ಅಡ್ಡ ಹಿಡಿದ, ಬೆರಳ ಸಂದಿಯಲ್ಲೇ ಬಡಿಸಿದಳು.

ಮಾತಿಗೆ ಮಾತು ಬೆಳೆಯಿತು. ಅವನದೂ ಡೆಟ್ರಾಯಿಟ್ ಕಡೆಯೇ. ಮಷಿನ್ ಬಿಡಿಭಾಗಗಳ ಸಣ್ಣ ಕಾರ್ಖಾನೆ ಇತ್ತು. ಭಾವನ ಕಥೆ ಕೇಳಿ ಮರುಗಿ, ಎಂಜಿನಿಯರಿಂಗ್ ಡ್ರಾಯಿಂಗ್ ಗೊತ್ತಿರುವ ಒಬ್ಬರು ತನಗೇ ಬೇಕಾಗಿದ್ದಾರೆ, ಸೋಮವಾರ ಬಂದು ನೋಡುತ್ತೀರಾ ಅಂದ. ಅಕ್ಕನ ಕೈಯ ಸೌಟು ಗಾಳಿಯಲ್ಲೇ ನಿಂತಿತು.

ಭಾವ ಎರಡೂ ಕೈ ಆಡಿಸಿದರು. ಛೇ ಛೇ, ನನ್ನ ಸಲುವಾಗಿ ನೀವು ತೊಂದರೆ ತಗೋಬೇಡಿ, ನಾನು ಆರಾಮಾಗಿದ್ದೀನಿ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು.

ಅವನು ಸರಿ ಅಂದ. ಅಕ್ಕನಿಗೆ ಥ್ಯಾಂಕ್ಸ್ ಹೇಳಿ, ಚೀಲ ಹೆಗಲಿಗೇರಿಸಿ ಹೊರಟೇಹೋದ. ನಮ್ಮಲ್ಲಿ ಯಾರೇನು ಕೊಟ್ಟರೂ ಮೊದಲು ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು, ಮೂರನೇ ಸಲ ಸಂಕೋಚದಿಂದ ಕೈ ಚಾಚಬೇಕು. ಇದನ್ನು ಆ ಪುಣ್ಯಾತ್ಮನಿಗೆ ಯಾರೂ ಕಲಿಸಿರಲಿಲ್ಲ.

"ಇನ್ನೊಂದ್ ಸಲ ಕೇಳ್ತಾನ ಅಂತ ಮಾಡಿದ್ದೆ" ಅಂದರು ಭಾವ. ಮುಖ ಬಿಳುಚಿತ್ತು.

ಅಕ್ಕ ಸೌಟು ಎಸೆದಳು. "ಓಡಿ. ಕಾಲಿಗೆ ಬಿದ್ದಾದ್ರೂ ಕೇಳಿ" ಅಂದಳು. ಭಾವ ಕೈಗೆ ಸಿಕ್ಕ ಫ್ಲಾಸ್ಕ್ ಹಿಡಿದೇ ಓಡಿದರು. ಆ ಮನುಷ್ಯ ಆಗಲೇ ದೂರದ ಮರದ ಸೇತುವೆ ಸೇರಿದ್ದ. ಭಾವ ಕೂಗಿದ್ದು ಬಂಡೆಗಳಿಗೆಲ್ಲ ಬಡಿದು ನಮಗೂ ಕೇಳಿಸಿತು. ಅವನು ನಿಂತ. ಇಬ್ಬರೂ ಏನೋ ಮಾತಾಡಿದರು, ನಕ್ಕರು, ಕೈ ಕುಲುಕಿದರು. ಅವನು ಭಾವನ ಬೆನ್ನು ತಟ್ಟಿದ್ದೂ ಕಂಡಿತು. ಅಕ್ಕ ಕಣ್ಣು ಮುಚ್ಚಿ ನಮ್ಮೂರ ಹತ್ತಿರದ ಅರೋರಾ ಗುಡಿಯ ಬಾಲಾಜಿಗೆ ಹರಕೆ ಹೊತ್ತೇಬಿಟ್ಟಳು.

ಭಾವ ಏದುಸಿರು ಬಿಡುತ್ತ ವಾಪಸ್ ಬಂದರು. ಏನಂದರು ಅಂತ ಮೂವರೂ ಒಟ್ಟಿಗೇ ಕೇಳಿದೆವು.

"ಭಾಳ ರುಚಿ ಆಗೇದ ಅಂದ್ರು."

"ಕೆಲಸದ್ದು ಕೇಳಿದ್ರಾ?"

"ಒಮ್ಮೆ ಬ್ಯಾಡ ಅಂದ ಮ್ಯಾಲೆ ನಾವಾಗೇ ಹೆಂಗ ಕೇಳೂದು?"

"ಮತ್ತೆ ಅಷ್ಟು ದೂರ ಯಾಕೆ ಓಡಿದ್ರಿ?" ಅಂದಳು ಅಕ್ಕ. ದನಿಯಲ್ಲಿ ಜೀವವೇ ಇರಲಿಲ್ಲ.

ಭಾವ ಖಾಲಿ ಫ್ಲಾಸ್ಕನ್ನು ಅವಳ ಮುಂದೆ ಇಟ್ಟರು.

"ಉಂಡವ್ರನ್ನ ಮಜ್ಜಿಗಿ ಕೊಡದ ಕಳಿಸಿದ್ಯಲ್ಲ ನೀ."