ವಾಲ್ವಣ್ಣನ ಮಣ್ಣಿಲ್ಲದ ತೋಟ

ಮಣ್ಣು ಮುಟ್ಟದೆ ಬೇಸಾಯ ಮಾಡಿ ತೋರಿಸುತ್ತೇನೆಂದು ವಾಲ್ವಣ್ಣ ಶಪಥ ಮಾಡಿದ ದಿನ ಅವನ ಮೀಸೆ ಒಂದಂಗುಲ ಮೇಲೆದ್ದಿತ್ತು. ಸುಳ್ಳು ಅನ್ನಬೇಡಿ, ಕಣ್ಣಾರೆ ಕಂಡವರು ಹೇಳಿದ್ದು! ಊರಿನ ನೀರು ಸರಬರಾಜಿನಲ್ಲಿ ಜೀವಮಾನವಿಡೀ ವಾಲ್ವ್ ತಿರುಗಿಸಿ ನಿವೃತ್ತನಾದ ಆಸಾಮಿ. ಅವನು ಕೈ ತಿರುಗಿಸಿದರೆ ಅರ್ಧ ಊರು ಸ್ನಾನ ಮಾಡುತ್ತಿತ್ತು. ಇನ್ನೊಮ್ಮೆ ತಿರುಗಿಸಿದರೆ ಅದೇ ಅರ್ಧ ಊರು ಮೈಗೆಲ್ಲ ಸೋಪು ಹಚ್ಚಿಕೊಂಡು ಬಾಯಿಗೆ ಬಂದಂತೆ ಬೈಯುತ್ತಿತ್ತು. ಅಂಥ ಮಹಾಪುರುಷನಿಗೆ ನಾಲ್ಕು ಸೊಪ್ಪಿನ ಗಿಡ ಯಾವ ಲೆಕ್ಕ?

“ಮಣ್ಣಿಲ್ಲದೆ ಬೆಳೆಯೋದು ಲೋಕದಲ್ಲಿ ಎರಡೇ,” ಎಂದಳು ಹೆಂಡತಿ. “ನಿಮ್ಮ ಬಾಯಿ, ನನ್ನ ತಲೆನೋವು.”

“ನೋಡ್ತಾ ಇರು ಕಣೇ. ಬೇರಿಗೆ ಬೇಕಾಗಿರೋದು ಮಣ್ಣಲ್ಲ, ನೀರು. ನೀರು ಅಂದ್ರೆ ನಾನು!”

“ನೀರು ನಿಮ್ಮದೇ ಇರಬಹುದು. ನೆಲ ಮಾತ್ರ ಮನೆ ಒಡತೀದು. ಅದು ತಲೇಲಿರ್ಲಿ.”

ಅದೇ ನೋಡಿ ಗಂಡಾಂತರ. ಮನೆ ಒಡತಿ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಅವಳು ದಿಟ್ಟಿಸಿದರೆ ಟಿಕೆಟ್ ಇದ್ದವನೂ ಜೇಬು ತಡಕುತ್ತಿದ್ದ. ಮಲಗುವ ಕೋಣೆಗೆ ಹೊಸದಾಗಿ ಮರದ ಹಲಗೆ ಹಾಸಿಸಿ, “ಈ ಹಲಗೆ ನೀರು ಕುಡಿದು ಉಬ್ಬಿತೋ, ಅವತ್ತೇ ಮನೆ ಖಾಲಿ” ಎಂದು ಶಾಸನ ಹೊರಡಿಸಿದ್ದಳು. ಬಿಸಿಲು ಬೀಳುವ ಕಿಟಕಿ ಇದ್ದದ್ದೂ ಅದೇ ಕೋಣೆಯಲ್ಲಿ. ವಾಲ್ವಣ್ಣನ ತೋಟ ತಲೆಯೆತ್ತಿದ್ದೂ ಅಲ್ಲೇ!

ತೋಟವೆಂದರೆ ಇಷ್ಟು. ಗೋಡೆಗೆ ಏಣಿಯಂತೆ ಅಡ್ಡಡ್ಡ ಕೂರಿಸಿದ ಬಿಳಿ ಪೈಪುಗಳು. ಅವುಗಳಲ್ಲಿ ಸಾಲಾಗಿ ತೂತು. ತೂತಿಗೊಂದು ಜಾಲರಿ ಬಟ್ಟಲು, ಬಟ್ಟಲಿಗೊಂದು ಲೆಟ್ಯೂಸ್ ಸಸಿ. ಕೆಳಗೆ ಗೊಬ್ಬರದ ಉಪ್ಪು ಕಲಸಿದ ನೀರಿನ ಬಕೆಟ್ಟು. ಅದರೊಳಗಿನ ಪುಟ್ಟ ಪಂಪು ನೀರನ್ನು ಮೇಲಕ್ಕೆ ಕಳಿಸುತ್ತದೆ, ನೀರು ಬೇರುಗಳಿಗೆ ಕಚಗುಳಿ ಇಡುತ್ತ ಇಳಿದು ಮತ್ತೆ ಬಕೆಟ್ಟಿಗೇ ಬೀಳುತ್ತದೆ. ಬಕೆಟ್ಟು ಬರಿದಾಗದಿರಲೆಂದು ಬಚ್ಚಲ ನಲ್ಲಿಯಿಂದ ತಾನೇ ತುಂಬಿಕೊಳ್ಳುವ ಒಂದು ಕೊಳವೆ. ಯಾವ ಪುಸ್ತಕವೂ ಕೇಳದಿದ್ದ ಒಂದು ಹಿತ್ತಾಳೆ ವಾಲ್ವನ್ನೂ ನೀರು ಹಿಂದಿರುಗುವ ದಾರಿಯಲ್ಲಿ ಕೂರಿಸಿದ. “ವಾಲ್ವ್ ಇಲ್ಲದ ಪೈಪು ಬಾಗಿಲಿಲ್ಲದ ಬಚ್ಚಲು!” ಎಂಬುದು ಅವನ ವೇದಾಂತ.

ಎಲೆಗಳು ಅಂಗೈ ಅಗಲವಾದವು. ಆಗಲೇ ಒಂದು ಬೆಳಿಗ್ಗೆ ಕರೆಗಂಟೆ ಸದ್ದಾಯಿತು.

“ಬಾಡಿಗೆ ಕರಾರು ಮುಗೀತಲ್ಲ, ಮನೆ ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ,” ಹೊರಗಿನಿಂದ ಒಡತಿಯ ಧ್ವನಿ.

ತೋಟದ ಮುಂದೆ ಕೂತಿದ್ದ ವಾಲ್ವಣ್ಣ ಧಡಕ್ಕನೆ ಎದ್ದ. ಜಾಗ ಬಿಟ್ಟು ಕದಲುವಾಗ ವಾಲ್ವ್ ಮುಚ್ಚುವುದು ಅವನ ಕೈಗೆ ಅಂಟಿದ ಚಾಳಿ. ಬುದ್ಧಿಯನ್ನು ಒಂದು ಮಾತೂ ಕೇಳದೆ ಕೈ ಆ ಹಿತ್ತಾಳೆಯನ್ನು ಹಿಡಿದು ತಿರುಗಿಸಿತು. ಆಳುದ್ದದ ಕೀಲಿಯಿಂದ ಊರಿನ ಮುಖ್ಯ ಕೊಳವೆಯ ವಾಲ್ವ್ ಬಿಗಿದ ಕೈಯದು! ಟಕ್! ಹಿಡಿ ಮುರಿದು ಅಂಗೈಯಲ್ಲೇ ಉಳಿಯಿತು.

ನೀರಿಗೆ ಹಿಂದಿರುಗುವ ದಾರಿ ಬಂದ್. ಪಂಪಿಗೇನು ಗೊತ್ತು ಪಾಪ? ಗುಂಯ್ ಎನ್ನುತ್ತ ತಳ್ಳುತ್ತಲೇ ಇತ್ತು. ಮೊದಲ ಬಟ್ಟಲು ತುಳುಕಿತು, ಎರಡನೆಯದು ಉಕ್ಕಿತು, ಮೂರನೆಯದು ಸಸಿಯನ್ನೇ ಉಗುಳಿತು.

ವಾಲ್ವಣ್ಣ ಒಂದು ತೂತಿಗೆ ಬಲಗೈ ಒತ್ತಿದ, ಇನ್ನೊಂದಕ್ಕೆ ಎಡಗೈ. ಮತ್ತೊಂದಕ್ಕೆ ಮೊಣಕೈ, ಅದರ ಪಕ್ಕದ್ದಕ್ಕೆ ಗದ್ದ. ಗೋಡೆಗೆ ಅಂಟಿದ ಹಲ್ಲಿಯೂ ಆ ಭಂಗಿ ಕಂಡು ನಾಚಬೇಕು! ಕಾಲಿನಿಂದಲೇ ಹಾಸಿಗೆಯ ರಜಾಯಿ ಎಳೆದು ಹಲಗೆಯ ಮೇಲೆ ಕೆಡವಿದ. ಅದು ಗಟಗಟ ಕುಡಿಯತೊಡಗಿತು.

“ರೀ, ಬಾಗಿಲು ತೆಗೀರಿ. ಅವರು ಕೋಣೆ ನೋಡ್ಬೇಕಂತೆ,” ಹೆಂಡತಿ ಬಾಗಿಲು ತಟ್ಟಿದಳು.

“ಬಟ್ಟೆ ಬದಲಾಯಿಸ್ತಿದೀನಿ!”

“ಅದೇನ್ರೀ ಒಳಗೆ ಗುಂಯ್ ಅಂತಿರೋದು?” ಒಡತಿ ಕೇಳಿದಳು.

“ಅವರು ಹಾಗೇನೇ, ಒಬ್ಬರೇ ಇದ್ದಾಗ ಏನಾದ್ರೂ ಗುನುಗ್ತಿರ್ತಾರೆ,” ಎಂದಳು ಹೆಂಡತಿ. “ಬನ್ನಿ, ಮೊದಲು ಅಡುಗೆಮನೆ ನೋಡಿ.”

“ಅಡುಗೆಮನೆ ಆಗ್ಲೇ ಎರಡು ಸಲ ತೋರಿಸಿದ್ರಿ.”

ರಜಾಯಿಯ ಹೊಟ್ಟೆ ತುಂಬಿತು. ಅದರ ಅಂಚಿನಿಂದ ಒಂದು ತೆಳ್ಳನೆಯ ನೀರಿನ ನಾಲಿಗೆ ಹೊರಟು, ಹಲಗೆಯ ಸಂದು ಹುಡುಕುತ್ತ, ಬಾಗಿಲ ಕಡೆ ತೆವಳಿತು. ವಾಲ್ವಣ್ಣ ಅದನ್ನೇ ನೋಡುತ್ತಿದ್ದ. ಕೈ ಬಿಟ್ಟರೆ ಪ್ರಳಯ, ಬಿಡದಿದ್ದರೆ ಪ್ರವಾಹ. ಇಷ್ಟು ವರ್ಷ ಬಾಳಿದ ಮನೆ ಕಣ್ಣೆದುರೇ ತೇಲಿಹೋಗುತ್ತಿತ್ತು.

“ಬಾಗಿಲ ಕೆಳಗೆ ನೀರು ಬರ್ತಿದೆ,” ಎಂದಳು ಒಡತಿ. ತಣ್ಣಗೆ. ಚಿಲಕ ಹಾಕಿರದ ಬಾಗಿಲನ್ನು ತಾನೇ ತಳ್ಳಿದಳು.

ವಾಲ್ವಣ್ಣ ಪೈಪಿಗೆ ಗದ್ದ ಊರಿಕೊಂಡೇ, “ನಮಸ್ಕಾರ,” ಎಂದ.

ಒಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿದಳು. ರಜಾಯಿ ದಾಟಿದಳು. ಕಿಟಕಿಯ ಪಕ್ಕದ ಗೋಡೆಗೆ ಹೋಗಿ ಸ್ವಿಚ್ಚು ಒತ್ತಿದಳು.

ಗುಂಯ್ ನಿಂತಿತು. ನೀರೂ ನಿಂತಿತು.

“ಇದನ್ನ ಆರಿಸೋಕೆ ಏನಾಗಿತ್ತು ನಿಮಗೆ?”

ವಾಲ್ವಣ್ಣ ಕಣ್ಣು ಪಿಳಿಪಿಳಿ ಬಿಟ್ಟ. ಕೆಲಸದಲ್ಲಿದ್ದಷ್ಟು ಕಾಲ ಅವನು ಸ್ವಿಚ್ಚು ಮುಟ್ಟಿದವನಲ್ಲ. ವಾಲ್ವಿನವರು ಸ್ವಿಚ್ಚು ಮುಟ್ಟಿದರೆ ಪಂಪ್‌ಹೌಸಿನವರು ಕಾದಾಟಕ್ಕೇ ಬರುತ್ತಿದ್ದರು.

“ಅದು... ನಮ್ಮ ವಿಭಾಗ ಅಲ್ಲ ಮೇಡಂ.”

ಹೆಂಡತಿ ಹಣೆ ಹಿಡಿದುಕೊಂಡು ಮಂಚದ ಮೇಲೆ ಕುಸಿದಳು. ಒಡತಿ ಮಂಡಿಯೂರಿ ಹಲಗೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿದಳು.

“ಉಬ್ಬಿಲ್ಲ. ಎಲ್ಲಾನೂ ರಜಾಯಿ ಕುಡಿದಿದೆ.” ಎದ್ದು, ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದಳು. “ಸೊಪ್ಪು ಚೆನ್ನಾಗಿದೆ. ನೀವು ಇಲ್ಲೇ ಇರಿ. ಆದ್ರೆ ಕರಾರು ಇನ್ನು ಮೇಲೆ ನಿಮ್ಮ ಹೆಸರಲ್ಲಿರ್ಲಿ ಕಣಮ್ಮ, ಇವರ ಹೆಸರಲ್ಲಿ ಬೇಡ. ಗಿಡಗಳನ್ನ ಬಚ್ಚಲಿಗೆ ಸಾಗಿಸಿ.” ಇನ್ನೂ ಪೈಪಿಗೆ ಅಂಟಿಕೊಂಡೇ ಇದ್ದ ವಾಲ್ವಣ್ಣನ ಕಡೆ ಬೆರಳು ತೋರಿಸಿದಳು. “ಇದನ್ನೂ ಇಟ್ಕೋತೀರಾ?”

ಹೆಂಡತಿ ಗಂಡನನ್ನು ತುಂಬ ಹೊತ್ತು ನೋಡಿದಳು. ಗದ್ದದಿಂದ ತೊಟ್ಟಿಕ್ಕುವ ನೀರು, ಮೀಸೆಯಲ್ಲಿ ಸಿಕ್ಕಿಕೊಂಡ ಬೇರು.

“ಇರ್ಲಿ ಬಿಡಿ,” ಎಂದು ನಿಟ್ಟುಸಿರುಬಿಟ್ಟಳು. “ಇಷ್ಟು ವರ್ಷ ನೀರೆರೆದಿದೀನಿ.”