ಫಸ್ಟ್ ಕ್ಲಾಸಿನಲ್ಲಿ ಪಾಸಾದ ಕಲ್ಲು

ಮಾತು ಎಲ್ಲಿಗೆ ಬಂದಿತ್ತು? ಹಾಂ, ಅಡುಗೆಕಟ್ಟೆ. ನನ್ನ ಮಗನನ್ನು ನೀನು ಬಲ್ಲೆಯಲ್ಲ ಮರಿ, ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆ ಕೆಲಸವನ್ನು ಅವನು ಸ್ಕೂಲಿನಲ್ಲೇ ಬಿಟ್ಟು ಬರುವುದಿಲ್ಲ, ಅದೇ ತಾಪತ್ರಯ. ಕೊಡೆ ತಂದರೆ ನಲ್ಲಿ ಕೆಳಗೆ ಹಿಡಿದು ನೋಡುತ್ತಾನೆ. ಹಾಸಿಗೆ ತಂದಾಗ ಅದರ ಮೇಲೆ ನೀರು ತುಂಬಿದ ಲೋಟ ಇಟ್ಟು, ಪಕ್ಕದಲ್ಲಿ ಧೊಪ್ಪನೆ ಹಾರಿದ. ಲೋಟ ಅಲ್ಲಾಡಲಿಲ್ಲ. ತುದಿಯಲ್ಲಿ ಕೂತಿದ್ದ ನಾನು ಬಿದ್ದೆ.

ಅಂಥವನ ಮನೆಯಲ್ಲಿ ಸಿಂಕಿನ ಪಕ್ಕದ ಕಲ್ಲು ಬಿರುಕು ಬಿಟ್ಟು, ಅಂಗೈಯಗಲದ ಮೂಲೆ ಕಳಚಿಕೊಂಡಿತು. ತಗೋ, ಶುರುವಾಯಿತು ಪ್ರತಿಜ್ಞೆ. ಹಳೇ ಕಲ್ಲನ್ನು ಕಿತ್ತೆಸೆದು ಎಂಜಿನಿಯರ್ಡ್ ಕಲ್ಲು ಹಾಕಿಸುತ್ತಾನಂತೆ. ಹಾಗಂದರೆ ಕಲ್ಲಿನ ಪುಡಿಗೆ ಅಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಮಾಡಿದ ಚಪ್ಪಡಿ. ಕಲ್ಲು ಭೂಮಿಯೊಳಗೆ ತಾನಾಗಿ ಆಗುತ್ತದೆ ಅಂತ ಅಂದುಕೊಂಡಿದ್ದೆ, ಈಗ ಅದಕ್ಕೂ ಎಂಜಿನಿಯರು ಬೇಕಂತೆ.

ಮೂಲೆಗೊಂದು ತುಂಡು ಕೂರಿಸಿ ಪಾಲಿಶ್ ಮಾಡಿಸಿದರೆ ಸಾಕು ಅಂದಳು ನನ್ನ ಸೊಸೆ. ಆ ಕಟ್ಟೆಯೆಂದರೆ ಅವಳಿಗೆ ಪ್ರಾಣ. ಅವಳ ಎತ್ತರಕ್ಕೆ ಸರಿಯಾಗಿ ಕಟ್ಟಿಸಿದ್ದು. ಕತ್ತಲಲ್ಲಿ ಕೈ ಚಾಚಿದರೂ ಚಾಕು, ಚಮಚ ಇದ್ದ ಜಾಗದಲ್ಲೇ ಸಿಗುತ್ತವೆ. ಇವನು ಕೇಳಬೇಕಲ್ಲ.

"ಇದನ್ನ ನಾನು ವೈಜ್ಞಾನಿಕವಾಗಿ ಆರಿಸ್ತೀನಿ. ಯಾರೂ ತಲೆ ಹಾಕಬೇಡಿ," ಅಂದ.

"ಆಯ್ತು, ಹಾಕಲ್ಲ," ಅಂದಳು ಅವಳು. ಅಷ್ಟು ಬೇಗ ಒಪ್ಪಿದಳಲ್ಲ, ಆಗಲೇ ಅವನಿಗೆ ಅನುಮಾನ ಬರಬೇಕಿತ್ತು.

ಅಂಗಡಿಯಿಂದ ಒಂದು ಚೀಲ ಸ್ಯಾಂಪಲ್ ತಂದ. ಬಿಳಿ, ಬೂದು, ಕಪ್ಪು, ಚುಕ್ಕಿಯದು, ಗೆರೆಯದು. ಎಲ್ಲವನ್ನೂ ಕಟ್ಟೆಯ ಮೇಲೆ ಸುರಿದು, ಸೋಪು ಹಚ್ಚಿ ತಿಕ್ಕಿ, ಬೆನ್ನಿಗೆ ನಂಬರಿನ ಚೀಟಿ ಅಂಟಿಸಿದ. ಆಮೇಲೆ ನಡೆಯಿತು ನೋಡು ವಾರ್ಷಿಕ ಪರೀಕ್ಷೆ! ನಿಂಬೆರಸ ಹುಯ್ದ, ಟೀ ಹುಯ್ದ, ನನ್ನ ಮಂಡಿನೋವಿನ ಎಣ್ಣೆಯನ್ನೂ ಬಿಡಲಿಲ್ಲ. ಶಾಯಿ ಪರೀಕ್ಷೆಯಲ್ಲಿ ಒಂದು ಕರಿ ಕಲ್ಲಿಗೆ ಪೂರ್ತಿ ಮಾರ್ಕು ಬಂತು. ಕರಿ ಕಲ್ಲಿನ ಮೇಲೆ ಕರಿ ಶಾಯಿ ಯಾರಿಗೆ ಕಾಣುತ್ತದೆ ಹೇಳು? ಕೊನೆಗೆ ಒಲೆಯಿಂದಿಳಿಸಿದ ಬಾಣಲೆಯನ್ನು ಒಂದೊಂದರ ಮೇಲೂ ಇಟ್ಟ. ಬಿಳಿಯದು ಹಳದಿಯಾಯಿತು, ಬೂದು ಬಣ್ಣದ್ದರ ಮೇಲೆ ಉಂಗುರ ಬಿತ್ತು, ಮನೆಯೆಲ್ಲ ಸುಟ್ಟ ಅಂಟಿನ ವಾಸನೆ. ಆ ಕರಿ ಕಲ್ಲು ಮಾತ್ರ ಏನೂ ಆಗದವರ ಹಾಗೆ ಕೂತಿತ್ತು.

ಇಂಥ ಕಲ್ಲು ಜಗತ್ತಿನಲ್ಲಿ ಇನ್ನೊಂದಿಲ್ಲ ಅಂತ ಸಾರಿದ. ಸೊಸೆಯನ್ನು ಕರೆದು ತೋರಿಸಿದ. ಅವಳು ಬೆರಳಲ್ಲಿ ಒಮ್ಮೆ ಸವರಿ, "ಇದೇ ಇರ್ಲಿ ರೀ, ನಂಗೂ ಇದೇ ಇಷ್ಟ," ಅಂದಳು. ಇವನು ಉಬ್ಬಿ ಬಾಗಿಲಲ್ಲಿ ಹಿಡಿಸದಂತಾದ. ಕಟ್ಟೆ ಒಡೆಯುವವನಿಗೆ ಮಾರನೆಯ ಬೆಳಿಗ್ಗೆಯೇ ಬರಲು ಫೋನ್ ಮಾಡಿದ. ಬೆಳಗಾದೊಡನೆ ತಾನು ಕಲ್ಲು ಹಿಡಿದು ಅಂಗಡಿಗೆ ಹೊರಟ.

ಅಂಗಡಿಯವನು ಕಲ್ಲನ್ನು ಆ ಕಡೆ ಈ ಕಡೆ ತಿರುಗಿಸಿದ.

"ಸರ್, ಇದು ನಮ್ಮದಲ್ಲ."

"ನಿಮ್ಮ ಅಂಗಡೀದೇ. ನಂಬರ್ ನೋಡಿ."

"ನಂಬರ್ ನೀವೇ ಅಂಟಿಸಿರೋದು, ಸರ್. ಇದು ಎಂಜಿನಿಯರ್ಡ್ ಕಲ್ಲೇ ಅಲ್ಲ, ಗಣಿಯಿಂದ ತೆಗೆದ ಹಳೇ ಕಾಲದ್ದು. ಈಗ ಹುಡುಕಿದ್ರೂ ಸಿಗಲ್ಲ. ಎಲ್ಲಿ ಸಿಕ್ತು ನಿಮಗೆ?"

ಅಂಗಡಿಯವನು ಚೀಟಿ ಕಿತ್ತ. ಅಡಿಯಲ್ಲಿ ಒಣಗಿದ ಸಿಮೆಂಟು, ಅದರ ಮೇಲೊಂದು ನೀಲಿ ಬಣ್ಣದ ಹನಿ. ನಮ್ಮ ಅಡುಗೆಮನೆಯ ಗೋಡೆಯ ನೀಲಿ. ಸಿಂಕಿನ ಪಕ್ಕದಿಂದ ಕಳಚಿದ್ದ ಮೂಲೆ ಕಟ್ಟೆಯ ಮೇಲೇ ಬಿದ್ದಿತ್ತಲ್ಲ, ಅದನ್ನೂ ಬಾಚಿಕೊಂಡು ತೊಳೆದು, ನಂಬರ್ ಹಚ್ಚಿ, ಪರೀಕ್ಷೆಗೆ ಕೂರಿಸಿದ್ದ ಮಹಾರಾಯ. ಜಗತ್ತಿನಲ್ಲಿ ಇನ್ನೊಂದಿಲ್ಲದ ಆ ಕಲ್ಲನ್ನು ಅಷ್ಟು ಹೊತ್ತಿಗೆ ಮನೆಯಲ್ಲಿ ಸುತ್ತಿಗೆ ಹಿಡಿದು ಒಡೆಯುತ್ತಿರಬೇಕು ಅಂತ ಆಗ ಹೊಳೆಯಿತು ಅವನಿಗೆ.

ಸೊಸೆಗೆ ಫೋನ್ ಮಾಡಿದ, ತೆಗೆಯಲಿಲ್ಲ. ನನಗೆ ಮಾಡಿದ, ನನ್ನ ಫೋನು ದಿಂಬಿನಡಿ ಇತ್ತು, ನಾನು ಜಗಲಿಯಲ್ಲಿದ್ದೆ. ಓಡಿದ. ರಸ್ತೆಯ ತಿರುವಿಗೆ ಬರುವಾಗಲೇ ಧಡ್, ಧಡ್ ಅಂತ ಸುತ್ತಿಗೆ ಏಟು ಕೇಳಿಸಿತಂತೆ. ಒಂದೊಂದು ಏಟೂ ತನ್ನ ಎದೆಗೇ ಬಿದ್ದ ಹಾಗಾಯಿತಂತೆ. ಒಂದು ಚಪ್ಪಲಿ ಗೇಟಿನ ಹತ್ತಿರ, ಇನ್ನೊಂದು ಮೆಟ್ಟಿಲ ಮೇಲೆ ಬಿಟ್ಟು, "ನಿಲ್ಲಿಸಿ, ನಿಲ್ಲಿಸಿ" ಅನ್ನುತ್ತ ಅಡುಗೆಮನೆಗೆ ನುಗ್ಗಿದ.

ಕಟ್ಟೆ ಇದ್ದ ಹಾಗೇ ಇದೆ. ಸೊಸೆ ಅದರ ಮೇಲೆ ಲೋಟಗಳನ್ನು ಸಾಲಾಗಿಟ್ಟು ಟೀ ಸೋಸುತ್ತಿದ್ದಾಳೆ. ಸುತ್ತಿಗೆ ಸದ್ದು ಬರುತ್ತಿದ್ದುದು ಬಚ್ಚಲಿನಿಂದ. ಕೈತೊಳೆಯುವ ಬೇಸಿನ್ನಿನ ಕಟ್ಟೆ ಸೋರುತ್ತಿತ್ತಲ್ಲ, ಅದನ್ನು ಸರಿಮಾಡಿಸುತ್ತೇನೆ ಅಂತ ಇವನು ಹೇಳುತ್ತಲೇ ಇದ್ದ. ಬಂದ ಆಳನ್ನು ಇವಳು ನೇರ ಅಲ್ಲಿಗೇ ಕಳಿಸಿದ್ದಳು.

ಇವನು ಕಟ್ಟೆಯ ಮೇಲೆ ಎರಡೂ ಕೈ ಊರಿ ನಿಂತ. ಉಸಿರು ವಾಪಸ್ಸು ಬರಲು ಸ್ವಲ್ಪ ಹೊತ್ತೇ ಹಿಡಿಯಿತು. ಅಷ್ಟು ಸಮಾಧಾನ ಅವನ ಮುಖದಲ್ಲಿ ನಾನು ಅವನ ರಿಸಲ್ಟ್ ಬಂದ ದಿನವೂ ಕಂಡಿರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ದಿನಾ ಒರೆಸೋ ಕಲ್ಲು ರೀ. ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ತಲೆ ಹಾಕಬೇಡ ಅಂದಿದ್ರಲ್ಲ. ಅದೂ ಅಲ್ದೆ ಪಾಪ, ಫಸ್ಟ್ ಕ್ಲಾಸಲ್ಲಿ ಪಾಸಾಗ್ತಾ ಇತ್ತು. ನಡುವೆ ಎಬ್ಬಿಸೋದು ಹೇಗೆ?"

ಮೇಷ್ಟ್ರು ಟೀ ಲೋಟಕ್ಕೆ ಕೈ ಹಾಕಿದರು. ನಾನು ನಗಲಿಲ್ಲ ಅಂತ ನಿನ್ನ ಹತ್ತಿರ ಸುಳ್ಳು ಹೇಳಲೇ?

ಈಗ ಬಚ್ಚಲ ಬೇಸಿನ್ನಿಗೆ ಕಲ್ಲು ಬೇಕಲ್ಲ ಮರಿ. ಸೊಸೆ ಬಾಣಲೆಯ ಉಂಗುರ ಬಿದ್ದ ಬೂದು ಬಣ್ಣದ್ದನ್ನು ಎತ್ತಿ, ಬಚ್ಚಲಲ್ಲಿ ಯಾರು ಬಾಣಲೆ ಇಡುತ್ತಾರೆ ಅಂದಳು. ಮುಗಿಯಿತು ಆಯ್ಕೆ. ಆದರೆ ಇವನು ಆ ಅಂಗಡಿ ಇರುವ ರಸ್ತೆಯಲ್ಲೇ ಓಡಾಡುವುದಿಲ್ಲ. ನೀನು ಹೇಗೂ ಆ ಕಡೆ ಹೋಗುತ್ತೀಯಲ್ಲ, ಈ ತುಂಡು ತೋರಿಸಿ, ಇದೇ ಬೇಕಂತೆ ಅಂತ ಹೇಳಿ ಬಾ. ಯಾರ ಮನೆಯಿಂದ ಅಂತ ಕೇಳಿದರೆ ಮಾತ್ರ, ಪಕ್ಕದ ಮನೆಯದು ಅಂದುಬಿಡು.